ಅಗ್ಗದ ಬ್ಯಾಂಡ್‌ಸಾ ನೇರ ಕೊಯ್ಯದಿದ್ದರೆ: ಬ್ಲೇಡು ಬದಲಿಸಬೇಕೋ, ಫೆನ್ಸು ಬದಲಿಸಬೇಕೋ?

ಒಂಬತ್ತು ಅಥವಾ ಹತ್ತು ಇಂಚಿನ ಚಕ್ರದ, ಪಟ್ಟಿಯಂಥ ಗರಗಸದ ಬ್ಲೇಡು ಎರಡು ಚಕ್ರಗಳ ಸುತ್ತ ಓಡುವ ಪುಟ್ಟ ಬ್ಯಾಂಡ್‌ಸಾ ಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಫೆನ್ಸಿಗೆ (ಮೇಜಿನ ಮೇಲೆ ಹಲಗೆ ಒರಗಿ ಸಾಗುವ ನೇರ ಪಟ್ಟಿಗೆ) ಒತ್ತಿ ಹಿಡಿದು ಹಲಗೆ ತಳ್ಳಿದರೂ ಕೊಯ್ತ ಗೆರೆ ಬಿಟ್ಟು ಓಡುತ್ತದೆ. ಮುಂದಿನ ತುದಿಯಲ್ಲಿ ಹತ್ತು ಮಿಲಿಮೀಟರ್ ಇದ್ದ ಪಟ್ಟಿ ಹಿಂದಿನ ತುದಿಗೆ ಬರುವಷ್ಟರಲ್ಲಿ ಏಳಕ್ಕೆ ಇಳಿದಿರುತ್ತದೆ. ಮದ್ದು ಕೇಳಿದರೆ ಒಬ್ಬರು ಒಳ್ಳೆಯ ಬ್ಲೇಡು ತನ್ನಿ ಅನ್ನುತ್ತಾರೆ, ಇನ್ನೊಬ್ಬರು ಫೆನ್ಸನ್ನು ಓರೆ ಮಾಡಿ ಅನ್ನುತ್ತಾರೆ, ಮತ್ತೊಬ್ಬರು ಫೆನ್ಸೇ ಬೇಡ, ಗೆರೆ ನೋಡಿಕೊಂಡು ಕೈಯಲ್ಲೇ ಕೊಯ್ಯಿರಿ ಅನ್ನುತ್ತಾರೆ. ಯಂತ್ರವನ್ನೇ ಮಾರಿ ದೊಡ್ಡದು ತನ್ನಿ ಎನ್ನುವವರೂ ಇದ್ದಾರೆ. ನಾಲ್ಕು ಮಾತಿನಲ್ಲೂ ನಿಜವಿದೆ. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದು ಯಾರ ಕೆಲಸಕ್ಕೆ ಒಗ್ಗುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಹಾಕುವುದಾದರೆ ಮೊದಲು ಬ್ಲೇಡಿಗೆ ಹಾಕಿ, ಎಲ್ಲಕ್ಕಿಂತ ಕೊನೆಗೆ ಫೆನ್ಸಿಗೆ. ಇವೆರಡರ ನಡುವಿನ ಕೆಲಸಕ್ಕೆ ದುಡ್ಡು ಬೇಕಿಲ್ಲ, ಒಂದು ಮಧ್ಯಾಹ್ನದ ಬಿಡುವು ಸಾಕು.

ಇಲ್ಲಿ ಹೇಳುತ್ತಿರುವುದು ಮೇಜಿನ ಮೇಲೆ ಕೂರುವ ಯಂತ್ರಗಳ ವಿಚಾರ: ಸುಮಾರು 300 ಮಿ.ಮೀ. ಚದರದ ಮೇಜು, ಹೆಚ್ಚೆಂದರೆ 90ರಿಂದ 120 ಮಿ.ಮೀ. ದಪ್ಪದ ಮರ ಹಿಡಿಯುವ ಬಾಯಿ, ಸಣ್ಣ ಮೋಟಾರು, ರಬ್ಬರ್ ಟೈರು ಹಾಕಿದ ಎರಡು ಚಕ್ರ. 14 ಇಂಚಿನ ಯಂತ್ರ ಇರುವವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ, ಅವರಿಗೆ ಆಯ್ಕೆಗಳು ಇನ್ನೂ ಒಂದೆರಡು ಹೆಚ್ಚು.

ಕೊಯ್ದ ತುಂಡನ್ನು ಮೊದಲು ಓದಿ

ಏನನ್ನೂ ಬಿಚ್ಚುವ ಮೊದಲು ಹಾಳಾದ ತುಂಡನ್ನು ಕೈಗೆತ್ತಿಕೊಂಡು ನೋಡಿ. ತಪ್ಪು ಎಲ್ಲಿದೆ ಎಂಬುದು ಅದರ ಆಕಾರದಲ್ಲೇ ಇರುತ್ತದೆ.

ತುಂಡಿನ ಮೇಲಂಚು ದಪ್ಪ, ಕೆಳಂಚು ತೆಳು (ಅಥವಾ ಇದರ ತಿರುವುಮುರುವು), ಆದರೆ ಉದ್ದಕ್ಕೂ ಒಂದೇ ಸಮ ಇದ್ದರೆ ಅದು ಡ್ರಿಫ್ಟ್ (ಬ್ಲೇಡು ತಾನಾಗಿ ಒಂದು ಪಕ್ಕಕ್ಕೆ ಎಳೆಯುವುದು) ಅಲ್ಲವೇ ಅಲ್ಲ. ಮೇಜು ಬ್ಲೇಡಿಗೆ 90 ಡಿಗ್ರಿಯಲ್ಲಿಲ್ಲ ಅಥವಾ ಫೆನ್ಸು ನೆಟ್ಟಗೆ ನಿಂತಿಲ್ಲ. ಮೂಲೆಮಟ್ಟ ಇಟ್ಟು ಮೇಜಿನ ಕೆಳಗಿನ ನಾಬ್ ಸಡಿಲಿಸಿ ಸರಿಮಾಡಿ. ಐದು ನಿಮಿಷದ ಕೆಲಸ.

ಮೇಲೂ ಕೆಳಗೂ ಅಳತೆ ಸರಿಯಿದ್ದು ನಡುವೆ ಮಾತ್ರ ಹೊಟ್ಟೆ ಉಬ್ಬಿದಂತೆ ಅಥವಾ ಒಳಗೆ ಕುಸಿದಂತೆ ಕೊಯ್ದಿದ್ದರೆ ಮರದೊಳಗೆ ಬ್ಲೇಡು ಬಿಲ್ಲಿನಂತೆ ಬಾಗಿದೆ. ಇದಕ್ಕೆ ಕಾರಣ ಸಡಿಲ ಬ್ಲೇಡು, ಮೊಂಡು ಹಲ್ಲು, ಹಲ್ಲುಗಳ ಸಂದಿಯಲ್ಲಿ ತುಂಬಿ ನಿಂತ ಹೊಟ್ಟು ಅಥವಾ ಅವಸರದ ತಳ್ಳು. ಜಗತ್ತಿನ ಯಾವ ಫೆನ್ಸೂ ಇದನ್ನು ವಾಸಿ ಮಾಡುವುದಿಲ್ಲ. ಫೆನ್ಸು ಕೊಳ್ಳಲು ಹೊರಟವರಲ್ಲಿ ಬಹಳ ಮಂದಿಯ ತುಂಡುಗಳಲ್ಲಿ ಇರುವುದು ಈ ಹೊಟ್ಟೆಯೇ.

ತುಂಡು ಉದ್ದಕ್ಕೆ ಸಾಗುತ್ತಾ ಒಂದೇ ದಿಕ್ಕಿಗೆ ತೆಳ್ಳಗಾಗುತ್ತಾ ಹೋದರೆ, ಅಥವಾ ಹಲಗೆ ಫೆನ್ಸಿನಿಂದ ದೂರ ಸರಿಯುತ್ತಿದ್ದರೆ ಅದೇ ನಿಜವಾದ ಡ್ರಿಫ್ಟ್: ಬ್ಲೇಡು ಹೋಗಬಯಸುವ ದಾರಿ ಒಂದು, ಫೆನ್ಸು ತೋರಿಸುವ ದಾರಿ ಇನ್ನೊಂದು. ಬ್ಲೇಡು ಫೆನ್ಸಿನ ಕಡೆಗೆ ಎಳೆಯುತ್ತಿದ್ದರೆ ಮರ ನಡುವೆ ಸಿಕ್ಕಿಕೊಂಡು ಬಿಗಿಯುತ್ತದೆ, ಮೋಟಾರಿನ ದನಿ ಇಳಿಯುತ್ತದೆ, ಕೊಯ್ತದ ಮುಖ ಕಂದುಗಟ್ಟುತ್ತದೆ. ಆಚೆ ಕಡೆಗೆ ಎಳೆಯುತ್ತಿದ್ದರೆ ಫೆನ್ಸಿಗೂ ಹಲಗೆಗೂ ನಡುವೆ ಬೆಳಕು ಕಾಣಿಸತೊಡಗುತ್ತದೆ.

ಹಾಗಿದ್ದರೂ ತಪ್ಪು ಬ್ಲೇಡಿನದೋ ಫೆನ್ಸಿನದೋ? ಪ್ಲಗ್ ಕಿತ್ತು ಫೆನ್ಸನ್ನು ಬಿಗಿ ಮಾಡಿ, ಅದರ ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಕಣ್ಣಿಗೆ ಕಾಣುವಷ್ಟು ಅಲುಗಿದರೆ ಫೆನ್ಸು ನಂಬಲು ಯೋಗ್ಯವಲ್ಲ. ಇನ್ನೂ ಒಂದು ಪರೀಕ್ಷೆ ಇದೆ, ಇದನ್ನು ಯಾರೂ ಮಾಡುವುದಿಲ್ಲ: ಫೆನ್ಸನ್ನು ಸಡಿಲಿಸಿ ಮತ್ತೆ ಬಿಗಿ ಮಾಡಿ, ಮೇಜಿನ ಮೈಟರ್ ಗಾಡಿಯಿಂದ (ಅಡ್ಡ ಕೊಯ್ಯುವಾಗ ಹಲಗೆಗೆ ಆಸರೆಯಾಗುವ ಮೈಟರ್ ಗೇಜ್ ಜಾರುವ ಉದ್ದನೆಯ ತೋಡಿನಿಂದ) ಫೆನ್ಸಿಗೆ ಮುಂದೆ ಎಷ್ಟು ದೂರ, ಹಿಂದೆ ಎಷ್ಟು ದೂರ ಎಂದು ಅಳೆಯಿರಿ. ನಾಲ್ಕೈದು ಸಲ ಹೀಗೆ ಮಾಡಿ. ಪ್ರತಿ ಸಲವೂ ಒಂದೇ ಪ್ರಮಾಣದ ಓರೆ ಬಂದರೆ ಅದು ಸರಿಪಡಿಸಬಹುದಾದ ಓರೆ. ಒಂದೊಂದು ಸಲ ಒಂದೊಂದು ಅಳತೆ ಬಂದರೆ ಬಿಗಿಯುವ ಹಿಡಿಯೇ ಫೆನ್ಸನ್ನು ತಿರುಚುತ್ತಿದೆ. ಅದರ ಮೇಲೆ ಡ್ರಿಫ್ಟ್ ಲೆಕ್ಕ ಹಾಕುವುದು ವ್ಯರ್ಥ.

ಬ್ಲೇಡು: ಹಳೆಯದನ್ನು ತಿದ್ದುವುದೇ, ಹೊಸದು ತರುವುದೇ?

ಯಂತ್ರದ ಜೊತೆ ಬರುವ ಬ್ಲೇಡು ಸಾಮಾನ್ಯವಾಗಿ 6 ಮಿ.ಮೀ. ಅಗಲದ್ದು, ಇಂಚಿಗೆ ಆರು ಅಥವಾ ಅದಕ್ಕೂ ಹೆಚ್ಚು ಹಲ್ಲಿನದು. ಅದು ಕೆಟ್ಟ ಬ್ಲೇಡೇ ಆಗಿರಬೇಕೆಂದಿಲ್ಲ. ಪ್ಲೈವುಡ್ಡಿನಲ್ಲಿ ಆಟಿಕೆಯ ಆಕಾರ ತೆಗೆಯಲು, ತೆಳು ಹಲಗೆಯಲ್ಲಿ ತಿರುವು ಕೊಯ್ಯಲು ಚೆನ್ನಾಗಿಯೇ ಇರುತ್ತದೆ. ನಾಲ್ಕಿಂಚು ದಪ್ಪದ ಹಲಸಿನ ತುಂಡನ್ನು ಎರಡು ಹೋಳು ಮಾಡಲು ಹೊರಟಾಗ ಅದು ಸೋಲುತ್ತದೆ. ನಾಲ್ಕಿಂಚು ಮರದೊಳಗೆ ಏಕಕಾಲಕ್ಕೆ 24 ಹಲ್ಲು ಕೆಲಸ ಮಾಡುತ್ತಿರುತ್ತವೆ. ಪ್ರತಿ ಹಲ್ಲಿನ ಮುಂದಿನ ಗುಳಿ ಚಿಕ್ಕದು, ಹೊಟ್ಟು ಹೊರಗೆ ಬರುವ ಮೊದಲೇ ಅದು ತುಂಬಿಬಿಡುತ್ತದೆ. ಆಮೇಲೆ ಹಲ್ಲು ಕೊಯ್ಯುವುದಿಲ್ಲ, ಉಜ್ಜುತ್ತದೆ. ನೀವು ಇನ್ನಷ್ಟು ಒತ್ತುತ್ತೀರಿ, ಬ್ಲೇಡು ಸುಲಭವಾದ ದಾರಿ ಹುಡುಕಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಮರದೊಳಗೆ ಆರರಿಂದ ಹನ್ನೆರಡು ಹಲ್ಲು ಇರುವಂತೆ ನೋಡಿಕೊಳ್ಳುವುದು ಒಳ್ಳೆಯ ಅಳತೆ. ನಾಲ್ಕಿಂಚಿಗೆ ಅದರ ಅರ್ಥ ಇಂಚಿಗೆ ಮೂರು ಹಲ್ಲು.

ಡ್ರಿಫ್ಟಿನ ಮುಖ್ಯ ಮೂಲವೂ ಬ್ಲೇಡಿನಲ್ಲೇ ಇದೆ. ಗರಗಸದ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುತ್ತವೆ. ಒಂದು ಕಡೆಯ ಹಲ್ಲು ಹೆಚ್ಚು ಬಾಗಿದ್ದರೆ ಅಥವಾ ಹೆಚ್ಚು ಹರಿತವಾಗಿದ್ದರೆ ಆ ಕಡೆಗೆ ಬ್ಲೇಡು ಎಳೆಯುತ್ತದೆ, ಜೋಡಿಯಲ್ಲಿ ಒಂದು ಎತ್ತು ಚುರುಕಾಗಿದ್ದರೆ ಗಾಡಿ ಓರೆಯಾಗುವ ಹಾಗೆ. ಕೊಯ್ಯುವಾಗ ಒಂದು ಮೊಳೆಗೆ, ಬ್ಲೇಡು ಅತ್ತಿತ್ತ ಸರಿಯದಂತೆ ಕಾಯುವ ಗೈಡಿನ ಅಂಚಿಗೆ ಒಂದೇ ಒಂದು ಸಲ ತಗುಲಿದರೂ ಸಾಕು, ಆ ಬದಿಯ ಹಲ್ಲುಗಳು ಮೊಂಡಾಗಿ ನಿನ್ನೆಯವರೆಗೆ ನೇರ ಕೊಯ್ಯುತ್ತಿದ್ದ ಬ್ಲೇಡು ಇವತ್ತು ಎಳೆಯತೊಡಗುತ್ತದೆ. ಹಳೆಯ ಬಾಗಿಲ ಚೌಕಟ್ಟಿನ ತೇಗ ಕೊಯ್ಯುವವರು ಇದನ್ನು ನೆನಪಿಡಬೇಕು. ಮೊಳೆ ಸಿಗುವುದು ಒಂದು ಕಡೆಯಾದರೆ, ತೇಗದೊಳಗಿನ ಸಿಲಿಕಾ ಸಾದಾ ಉಕ್ಕಿನ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ.

ತಿದ್ದುವ ದಾರಿ ಹೀಗಿದೆ. ಬ್ಲೇಡು ಎಡಕ್ಕೆ ಎಳೆಯುತ್ತಿದ್ದರೆ ಎಡಬದಿಯ ಹಲ್ಲುಗಳು ಬಲವಾಗಿವೆ ಎಂದರ್ಥ. ಮೇಜಿನ ಮೇಲೆ ಒಂದು ನಯವಾದ ಸಾಣೆಕಲ್ಲನ್ನು ಚಪ್ಪಟೆಯಾಗಿ ಇಟ್ಟು, ಓಡುತ್ತಿರುವ ಬ್ಲೇಡಿನ ಎಡಬದಿಗೆ ಅತಿ ಹಗುರಾಗಿ ಎರಡು ಮೂರು ಸೆಕೆಂಡು ತಾಗಿಸಿ, ಮತ್ತೆ ಕೊಯ್ದು ನೋಡಿ. ಸಾಲದಿದ್ದರೆ ಇನ್ನೊಮ್ಮೆ. ಹೆಚ್ಚು ಒತ್ತಿದರೆ ಸೆಟ್ಟೇ (ಹಲ್ಲುಗಳ ಎಡಬಲದ ಬಾಗು) ಹೋಗಿ ಕೊಯ್ತದ ಸೀಳು ಕಿರಿದಾಗುತ್ತದೆ, ಬ್ಲೇಡು ಬಿಸಿಯಾಗುತ್ತದೆ. ಇದರಲ್ಲಿ ಕಿಡಿ ಹಾರುತ್ತದೆ, ಆದ್ದರಿಂದ ಯಂತ್ರದ ಹೊಟ್ಟೆಯಲ್ಲಿ ಕೂತಿರುವ ಮರದ ಪುಡಿಯನ್ನು ಮೊದಲು ಪೂರ್ತಿ ಗುಡಿಸಿ ತೆಗೆಯಿರಿ, ಕನ್ನಡಕ ಹಾಕಿಕೊಳ್ಳಿ. ಬ್ಲೇಡು ಇನ್ನೂ ಹರಿತವಾಗಿದ್ದು ಸ್ವಲ್ಪ ಮಾತ್ರ ಎಳೆಯುತ್ತಿದ್ದರೆ ಈ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಮೊಂಡಾಗಿದ್ದರೆ ಇದರಿಂದ ಅದು ಇನ್ನಷ್ಟು ಮೊಂಡಾಗುತ್ತದೆ ಅಷ್ಟೆ.

ಹಲಸು ಕೊಯ್ದ ಮೇಲೆ ಬ್ಲೇಡಿನ ಬದಿಗೆ ಹಳದಿ ಅಂಟು ಮೆತ್ತಿಕೊಂಡಿರುತ್ತದೆ. ಬ್ಲೇಡು ಎಸೆಯುವ ಮೊದಲು ಅದನ್ನು ಬಿಚ್ಚಿ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದಿಗಳನ್ನು ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಮೊಂಡಾಯಿತು ಎಂದುಕೊಂಡ ಬ್ಲೇಡು ಎಷ್ಟೋ ಸಲ ಕೊಳೆಯಾಗಿರುತ್ತದೆ ಅಷ್ಟೆ.

ಹೊಸದು ತರುವುದಾದರೆ, ಸಣ್ಣ ಯಂತ್ರಕ್ಕೆ 10 ಮಿ.ಮೀ. ಅಗಲ, ಇಂಚಿಗೆ ನಾಲ್ಕು ಹಲ್ಲು (ನಾಲ್ಕಿಂಚಿನ ಮರವೇ ಹೆಚ್ಚಾದರೆ ಮೂರು), ಸ್ಕಿಪ್ (ಹಲ್ಲುಗಳ ನಡುವೆ ಹೆಚ್ಚು ಜಾಗವಿರುವ) ಅಥವಾ ಹುಕ್ (ಮುಂದಕ್ಕೆ ಬಾಗಿದ) ಹಲ್ಲಿನದು ನನ್ನ ಆಯ್ಕೆ. ಯಂತ್ರದ ಪೆಟ್ಟಿಗೆಯ ಮೇಲೆ 12 ಮಿ.ಮೀ. ವರೆಗೆ ಹಾಕಬಹುದು ಎಂದು ಬರೆದಿರಬಹುದು. ಚಕ್ರದ ಮೇಲೆ ಕೂರುತ್ತದೆ ನಿಜ, ಆದರೆ ಅದನ್ನು ಬಿಗಿಯಾಗಿ ಎಳೆದು ಹಿಡಿಯುವ ಶಕ್ತಿ ಆ ಪುಟ್ಟ ಸ್ಪ್ರಿಂಗಿಗೂ ತೆಳು ತಗಡಿನ ಚೌಕಟ್ಟಿಗೂ ಇರುವುದಿಲ್ಲ. ಸಡಿಲವಾಗಿ ಓಡುವ ಅಗಲ ಬ್ಲೇಡಿಗಿಂತ ಬಿಗಿಯಾಗಿ ಓಡುವ ಕಿರಿದಾದ ಬ್ಲೇಡು ನೇರ ಕೊಯ್ಯುತ್ತದೆ. ಬ್ಲೇಡಿನ ದಪ್ಪವನ್ನೂ ಕೇಳಿ. ಸಣ್ಣ ಚಕ್ರಗಳಿಗೆಂದೇ 0.36 ಮಿ.ಮೀ. ದಪ್ಪದ ಬ್ಲೇಡುಗಳು ಬರುತ್ತವೆ. 0.6 ಮಿ.ಮೀ. ಇರುವ ಸಾಮಾನ್ಯ ಬ್ಲೇಡು ಒಂಬತ್ತಿಂಚಿನ ಚಕ್ರದ ಸುತ್ತ ಬಾಗಿ ಬಾಗಿ ದಣಿದು, ಗುಳಿಯ ಬುಡದಲ್ಲಿ ಬಿರುಕು ಬಿಡುತ್ತದೆ. ಕಾರ್ಬೈಡ್ ಹಲ್ಲಿನ ದುಬಾರಿ ಬ್ಲೇಡು ಈ ಯಂತ್ರಗಳಿಗೆ ಹೇಳಿಸಿದ್ದಲ್ಲ.

ಅಗಲ ಬ್ಲೇಡಿನಿಂದ ಕಳೆದುಕೊಳ್ಳುವುದು ತಿರುವನ್ನು. 6 ಮಿ.ಮೀ. ಬ್ಲೇಡು ಸುಮಾರು 16 ಮಿ.ಮೀ. ತ್ರಿಜ್ಯದ ತಿರುವು ತೆಗೆದರೆ 10 ಮಿ.ಮೀ. ಬ್ಲೇಡಿಗೆ 38 ಬೇಕು, 12ಕ್ಕೆ 63. ಎರಡೂ ಬಗೆಯ ಕೆಲಸ ಮಾಡುವವರು ಎರಡು ಬ್ಲೇಡು ಇಟ್ಟುಕೊಳ್ಳಲೇಬೇಕು, ಬೇರೆ ದಾರಿಯಿಲ್ಲ.

ನಮ್ಮಲ್ಲಿ ಬ್ಲೇಡು ಕೊಳ್ಳುವಾಗ ಒಂದು ತೊಡಕಿದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಬೀದಿಯಲ್ಲಿ ಬ್ಯಾಂಡ್‌ಸಾ ಬ್ಲೇಡು ಎಂದು ಕೇಳಿದರೆ ಕಬ್ಬಿಣ ಕೊಯ್ಯುವ ಬೈಮೆಟಲ್ ಬ್ಲೇಡನ್ನು ಮುಂದಿಡುವುದೇ ಹೆಚ್ಚು. ಅದರ ಹಲ್ಲು ಸಣ್ಣ, ಇಂಚಿಗೆ ಹತ್ತು ಹದಿನಾಲ್ಕು. ಮರಕ್ಕೆ ಎಂದು ಒತ್ತಿ ಹೇಳಿ, ಹಲ್ಲು ಎಣಿಸಿ ತನ್ನಿ. ಉದ್ದ ಸಿಗದಿದ್ದರೆ ಸುರುಳಿಯಿಂದ ಕತ್ತರಿಸಿ ಬೆಸೆದುಕೊಡುವ ಅಂಗಡಿಗಳಿವೆ. ಉದ್ದವನ್ನು ಅಂದಾಜು ಹೇಳಬೇಡಿ. ಹಲವು ಒಂಬತ್ತಿಂಚಿನ ಯಂತ್ರಗಳಿಗೆ 1511 ಮಿ.ಮೀ., ಸಾಮಾನ್ಯ 14 ಇಂಚಿನವಕ್ಕೆ 2375 ಮಿ.ಮೀ. ಇರುತ್ತದೆ, ಆದರೂ ನಿಮ್ಮದನ್ನು ನೀವೇ ಅಳೆಯಿರಿ: ಚಕ್ರದ ವ್ಯಾಸವನ್ನು 3.14ರಿಂದ ಗುಣಿಸಿ, ಎರಡು ಚಕ್ರಗಳ ನಡುಬಿಂದುಗಳ ಅಂತರದ ಎರಡರಷ್ಟನ್ನು ಕೂಡಿಸಿ. ಅಳೆಯುವಾಗ ಬಿಗಿ ಮಾಡುವ ನಾಬ್ ಅದರ ಓಟದ ನಡುವೆ ಇರಲಿ.

ಬೆಸುಗೆಯನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಬ್ಲೇಡಿನ ಬೆನ್ನನ್ನು ನೇರವಾದ ಕಬ್ಬಿಣದ ಪಟ್ಟಿಗೆ ತಾಗಿಸಿದರೆ ಬೆಸುಗೆಯ ಎರಡೂ ಕಡೆ ಒಂದೇ ಗೆರೆಯಲ್ಲಿರಬೇಕು. ಬೆನ್ನು ಅಲ್ಲಿ ಮುರಿದಂತಿದ್ದರೆ ಓಡುವಾಗ ಪ್ರತಿ ಸುತ್ತಿಗೂ ಟಕ್ ಟಕ್ ಎಂದು ಹಿಂದಿನ ಬೇರಿಂಗನ್ನು ಗುದ್ದುತ್ತದೆ, ಕೊಯ್ತದ ಮುಖದಲ್ಲಿ ಏಣುಗಳು ಮೂಡುತ್ತವೆ. ಈ ಯಂತ್ರದ ಚರಿತ್ರೆಯೇ ಬೆಸುಗೆಯ ಚರಿತ್ರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನಲ್ಲಿ ಬ್ಯಾಂಡ್‌ಸಾಗೆ ಪೇಟೆಂಟ್ ಸಿಕ್ಕಿದ್ದರೂ ಬ್ಲೇಡು ತಡೆಯುತ್ತಿರಲಿಲ್ಲ. ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾಂ ಎಂಬ ಮಹಿಳೆ 1846ರಲ್ಲಿ ತಮ್ಮ ಬೆಸುಗೆಯ ವಿಧಾನಕ್ಕೆ ಪೇಟೆಂಟ್ ಕೇಳಿದ ಮೇಲೆಯೇ ಅದು ಕಾರ್ಖಾನೆಗೆ ಬಂದದ್ದು.

ಫೆನ್ಸನ್ನು ಓರೆ ಮಾಡುವುದೇ, ಬ್ಲೇಡನ್ನು ನೇರ ಮಾಡುವುದೇ?

ಡ್ರಿಫ್ಟಿನ ವಿಚಾರದಲ್ಲಿ ಬಡಗಿಗಳು ಎರಡು ಪಂಗಡವಾಗಿದ್ದಾರೆ.

ಹಳೆಯ ಪಂಗಡದ ಮಾತು: ಪ್ರತಿ ಬ್ಲೇಡಿಗೂ ಅದರದೇ ಒಂದು ದಿಕ್ಕಿದೆ, ಅದನ್ನು ಒಪ್ಪಿಕೊಂಡು ಫೆನ್ಸನ್ನು ಆ ದಿಕ್ಕಿಗೆ ಹೊಂದಿಸಿ. ಮಾಡುವ ಕ್ರಮ ಸುಲಭ. ಒಂದಂಚು ನೇರ ಮಾಡಿದ, ಸುಮಾರು 450 ಮಿ.ಮೀ. ಉದ್ದದ ಸಿಲ್ವರ್ ಓಕ್ ಚೂರು ತೆಗೆದುಕೊಳ್ಳಿ. ಆ ಅಂಚಿಗೆ ಸಮಾನಾಂತರವಾಗಿ ಪೆನ್ಸಿಲ್ ಗೆರೆ ಎಳೆಯಿರಿ. ಫೆನ್ಸು ತೆಗೆದುಹಾಕಿ, ಗೆರೆಯ ಮೇಲೆ ಕೈಯಲ್ಲೇ ಕೊಯ್ಯುತ್ತಾ ಬನ್ನಿ. ಮೊದಲ ಒಂದೆರಡು ಇಂಚು ಕೈ ಅತ್ತಿತ್ತ ಹುಡುಕುತ್ತದೆ, ಆಮೇಲೆ ಹಲಗೆಯನ್ನು ಒಂದು ನಿರ್ದಿಷ್ಟ ಓರೆಯಲ್ಲಿ ಹಿಡಿದಾಗ ಬ್ಲೇಡು ತಾನಾಗಿಯೇ ಗೆರೆಯಲ್ಲಿ ಸಾಗುತ್ತದೆ. ಅರ್ಧ ಬಂದ ಮೇಲೆ ಹಲಗೆಯನ್ನು ಕದಲಿಸದೆ ಯಂತ್ರ ಆರಿಸಿ, ಬ್ಲೇಡು ನಿಲ್ಲುವವರೆಗೆ ಹಾಗೇ ಹಿಡಿದಿರಿ. ಈಗ ಹಲಗೆಯ ನೇರ ಅಂಚಿನಗುಂಟ ಮೇಜಿನ ಮೇಲೆ ಪೆನ್ಸಿಲ್‌ನಲ್ಲಿ ಗೀರಿದರೆ ಅದೇ ನಿಮ್ಮ ಬ್ಲೇಡಿನ ದಾರಿ. ಫೆನ್ಸನ್ನು ಆ ಗೀರಿಗೆ ಸಮಾನಾಂತರವಾಗಿ ಕಟ್ಟಿ.

ಇನ್ನೊಂದು ಪಂಗಡ ಹೇಳುವುದೇನೆಂದರೆ, ಹೆಚ್ಚಿನ ಡ್ರಿಫ್ಟು ಬ್ಲೇಡು ಚಕ್ರದ ಮೇಲೆ ಕೂತ ಜಾಗದಿಂದ ಬರುತ್ತದೆ, ಅದನ್ನು ಸರಿಪಡಿಸಿದರೆ ಫೆನ್ಸನ್ನು ಓರೆ ಮಾಡುವ ಪ್ರಮೇಯವೇ ಇಲ್ಲ. ಅಮೆರಿಕದ ಅಲೆಕ್ಸ್ ಸ್ನಾಡ್‌ಗ್ರಾಸ್ ತಮ್ಮ ಪ್ರಾತ್ಯಕ್ಷಿಕೆಗಳಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಇದರ ತರ್ಕ ಸರಳ: ಸಣ್ಣ ಯಂತ್ರದ ಟೈರು ಚಪ್ಪಟೆಯಲ್ಲ, ನಡುವೆ ಉಬ್ಬಿದೆ. ಬ್ಲೇಡು ಆ ಉಬ್ಬಿನ ಮುಂದಿನ ಇಳಿಜಾರಿನಲ್ಲಿ ಕೂತರೆ ಅದರ ಮುಖ ಒಂದು ಕಡೆಗೆ, ಹಿಂದಿನ ಇಳಿಜಾರಿನಲ್ಲಿ ಕೂತರೆ ಇನ್ನೊಂದು ಕಡೆಗೆ ತುಸು ತಿರುಗುತ್ತದೆ. ಹಲ್ಲುಗಳ ಗುಳಿಯ ಬುಡ ಮೇಲಿನ ಚಕ್ರದ ಉಬ್ಬಿನ ನಟ್ಟನಡುವೆ ಬರುವಂತೆ ಕೂರಿಸಿದರೆ ಕೊಯ್ಯುವ ಭಾಗ ನೇರ ಮುಂದಕ್ಕೆ ಮುಖ ಮಾಡುತ್ತದೆ.

ಮಾಡುವುದು ಹೀಗೆ. ಪ್ಲಗ್ ಕಿತ್ತು, ಮೇಲಿನ ಮತ್ತು ಕೆಳಗಿನ ಗೈಡುಗಳನ್ನೆಲ್ಲ ಬ್ಲೇಡಿನಿಂದ ಪೂರ್ತಿ ಹಿಂದಕ್ಕೆ ಸರಿಸಿ. ಟೈರಿನ ಮೇಲೆ ಒತ್ತಿ ಕೂತ ಮರದ ಪುಡಿಯನ್ನು ಗಡಸು ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಅಲ್ಲಿ ಒಂದು ಗಂಟು ಉಳಿದರೂ ಬ್ಲೇಡು ಕುಣಿಯುತ್ತದೆ. ಬ್ಲೇಡನ್ನು ಬಿಗಿ ಮಾಡಿ. ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಅದನ್ನು ಓರೆ ಮಾಡಿ ಬ್ಲೇಡನ್ನು ಟೈರಿನ ಮೇಲೆ ಹಿಂದೆ ಮುಂದೆ ಸರಿಸುವ ಹಿಂದಿನ ಟ್ರ್ಯಾಕಿಂಗ್ ನಾಬನ್ನು ಕಾಲು ಸುತ್ತು ಕಾಲು ಸುತ್ತು ತಿರುಗಿಸಿ, ಗುಳಿಯ ಬುಡ ನಡುವಿಗೆ ಬರುವವರೆಗೆ. ಆಮೇಲೆಯೇ ಗೈಡುಗಳನ್ನು ಹತ್ತಿರ ತನ್ನಿ. ಪಕ್ಕದ ಗೈಡುಗಳು ಗುಳಿಯ ಸ್ವಲ್ಪ ಹಿಂದಕ್ಕಿರಲಿ, ಹಲ್ಲಿಗೆ ತಾಗಲೇಬಾರದು. ಎರಡೂ ಬದಿಯಲ್ಲಿ ಒಂದು ಕಾಗದ ನುಸುಳುವಷ್ಟು ಸಂದಿ ಸಾಕು. ಬೆನ್ನ ಹಿಂದಿನ ಬೇರಿಂಗು ಬ್ಲೇಡು ಸುಮ್ಮನೆ ಓಡುವಾಗ ತಿರುಗಬಾರದು, ಮರ ತಾಗಿದಾಗ ಮಾತ್ರ ತಿರುಗಬೇಕು. ಕೊಯ್ಯುವಾಗ ಮೇಲಿನ ಗೈಡು ಮರದಿಂದ 6 ಮಿ.ಮೀ. ಎತ್ತರದಲ್ಲಿರಲಿ.

ಇವೆರಡರಲ್ಲಿ ಯಾವುದು? ನಾನು ಎರಡನೆಯದರಿಂದ ಶುರುಮಾಡಿ ಎನ್ನುತ್ತೇನೆ. ಗುಳಿಯನ್ನು ನಡುವಿಗೆ ತಂದು, ಫೆನ್ಸನ್ನು ಮೈಟರ್ ಗಾಡಿಗೆ ಸಮಾನಾಂತರವಾಗಿ ಇಟ್ಟು ಕೊಯ್ದು ನೋಡಿ. ಇನ್ನೂ ಚೂರು ಎಳೆದರೆ ಟ್ರ್ಯಾಕಿಂಗ್ ನಾಬನ್ನು ಎಂಟನೇ ಒಂದು ಸುತ್ತು ಅತ್ತ ಅಥವಾ ಇತ್ತ ತಿರುಗಿಸಿ. ಯಾವ ಕಡೆ ಎಂಬುದು ಒಂದೆರಡು ಕೊಯ್ತದಲ್ಲೇ ಗೊತ್ತಾಗುತ್ತದೆ. ಹೀಗೆ ಮಾಡುವುದರ ಲಾಭ ದೊಡ್ಡದು. ಮೈಟರ್ ಗೇಜ್ ಇಟ್ಟು ಅಡ್ಡ ಕೊಯ್ದರೂ ಕೊಯ್ತ ಸರಿಯಿರುತ್ತದೆ, ಬ್ಲೇಡು ಬದಲಿಸಿದಾಗ ಮತ್ತೆ ಹೊಸ ಓರೆ ಹುಡುಕುವ ಕೆಲಸವಿಲ್ಲ. ಫೆನ್ಸನ್ನು ಓರೆ ಮಾಡುವ ದಾರಿಯಲ್ಲಿ ಮೈಟರ್ ಗೇಜ್ ಬಳಸುವಂತಿಲ್ಲ, ಏಕೆಂದರೆ ಗಾಡಿ ಮಾತ್ರ ಹಳೆಯ ದಿಕ್ಕಿನಲ್ಲೇ ಉಳಿದಿರುತ್ತದೆ.

ಆದರೆ ಅಗ್ಗದ ಯಂತ್ರದ ಮಿತಿಯೂ ಇದೆ. ಟೈರಿನ ಉಬ್ಬು ಒರಟಾಗಿ ಎರಕ ಹೊಯ್ದದ್ದು, ಎರಡು ಚಕ್ರಗಳು ಒಂದೇ ಸಮತಲದಲ್ಲಿಲ್ಲ, ಬಿಗಿ ಮಾಡಿದಾಗ ಚೌಕಟ್ಟೇ ತುಸು ಬಾಗುತ್ತದೆ. ಇಂಥದ್ದರಲ್ಲಿ ಗುಳಿ ನಡುವಿಗೆ ಬಂದರೂ ಒಂದು ಡಿಗ್ರಿಯಷ್ಟು ಎಳೆತ ಉಳಿಯಬಹುದು. ಆಗ ಟ್ರ್ಯಾಕಿಂಗನ್ನು ಬ್ಲೇಡು ಟೈರಿನ ಅಂಚಿಗೆ ಬರುವಷ್ಟು ಎಳೆದಾಡಬೇಡಿ. ಉಳಿದ ಎಳೆತ ಪ್ರತಿ ಕೊಯ್ತದಲ್ಲೂ ಒಂದೇ ಇದ್ದರೆ ಹಳೆಯ ಪಂಗಡದ ಉಪಾಯವೇ ಸರಿ, ಫೆನ್ಸನ್ನು ಅಷ್ಟು ಓರೆ ಮಾಡಿ. ಎಳೆತ ಕೊಯ್ತದಿಂದ ಕೊಯ್ತಕ್ಕೆ ಬದಲಾದರೆ ಬ್ಲೇಡು ಮೊಂಡು ಅಥವಾ ಸಡಿಲ, ಮೇಲೆ ಬ್ಲೇಡಿನ ಬಗ್ಗೆ ಹೇಳಿದ ಭಾಗಕ್ಕೆ ಮರಳಿ.

ಮೂರನೆಯ ದಾರಿಯೊಂದಿದೆ, ಮೇಜನ್ನೇ ತಿರುಗಿಸುವುದು. ಮೇಜನ್ನು ಹಿಡಿದ ಬೋಲ್ಟುಗಳನ್ನು ಸಡಿಲಿಸಿ, ಗಾಡಿ ಬ್ಲೇಡಿನ ದಾರಿಗೆ ಸಮಾನಾಂತರ ಬರುವಂತೆ ಮೇಜನ್ನು ತುಸು ತಿರುಗಿಸಿ ಬಿಗಿಯುತ್ತಾರೆ. ಫೆನ್ಸೂ ಗೇಜೂ ಒಟ್ಟಿಗೆ ಸರಿಹೋಗುತ್ತವೆ. 14 ಇಂಚಿನ ಯಂತ್ರದಲ್ಲಿ ಇದಕ್ಕೆ ಅವಕಾಶವಿರುತ್ತದೆ. ಸಣ್ಣವುಗಳಲ್ಲಿ ಬೋಲ್ಟಿನ ತೂತು ಬಿಗಿಯಾಗಿರುವುದರಿಂದ ತೂತನ್ನೇ ಅರ ಹಾಕಿ ಹಿಗ್ಗಿಸಬೇಕಾಗುತ್ತದೆ. ಒಂದೇ ಬ್ಲೇಡು ಬಳಸುವವರಿಗೆ ಮಾತ್ರ ಈ ಶ್ರಮ ಸಾರ್ಥಕ.

ಬಿಗಿಯ ಬಗ್ಗೆ ಎರಡೇ ಮಾತು. ಯಂತ್ರದ ಮೇಲಿನ ಟೆನ್ಶನ್ ಗುರುತುಗಳನ್ನು ಪೂರ್ತಿ ನಂಬಬೇಡಿ. ಮೇಲಿನ ಗೈಡನ್ನು ಬಾಯಿ ಬಿಟ್ಟಷ್ಟು ಎತ್ತರಕ್ಕೆ ಸರಿಸಿ ಬ್ಲೇಡಿನ ನಡುವೆ ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಹೆಚ್ಚೆಂದರೆ 5-6 ಮಿ.ಮೀ. ಬಾಗಬೇಕು. ಸ್ಪ್ರಿಂಗ್ ಪೂರ್ತಿ ಅಮುಕಿಕೊಂಡರೂ ಅಷ್ಟು ಬಿಗಿ ಬರದಿದ್ದರೆ ಕಿರಿದಾದ ಬ್ಲೇಡು ಹಾಕಿ. ಗಟ್ಟಿ ಸ್ಪ್ರಿಂಗ್ ತಂದು ಹಾಕುವವರಿದ್ದಾರೆ, ತೆಳು ಚೌಕಟ್ಟಿನ ಯಂತ್ರಕ್ಕೆ ನಾನದನ್ನು ಹೇಳುವುದಿಲ್ಲ. ಕೆಲಸ ಮುಗಿದ ಮೇಲೆ ಬ್ಲೇಡನ್ನು ಸಡಿಲಿಸಿಡಿ, ಟೈರು ಮತ್ತು ಸ್ಪ್ರಿಂಗ್ ಎರಡೂ ಹೆಚ್ಚು ಕಾಲ ಬಾಳುತ್ತವೆ.

ಈಗ ಫೆನ್ಸು

ಅಗ್ಗದ ಫೆನ್ಸಿನ ರೋಗ ಸಾಮಾನ್ಯವಾಗಿ ಒಂದೇ: ಮುಂದಿನ ಕಂಬಿಯನ್ನು ಮಾತ್ರ ಹಿಡಿಯುತ್ತದೆ, ಹಿಂದಿನ ತುದಿ ಗಾಳಿಯಲ್ಲಿರುತ್ತದೆ. ಎತ್ತರವೂ ಸಾಲದು, ನಾಲ್ಕಿಂಚಿನ ಹಲಗೆಯನ್ನು ನಿಲ್ಲಿಸಿ ಕೊಯ್ಯಲು ಎರಡಿಂಚಿನ ಆಸರೆ ಏನೂ ಅಲ್ಲ.

ಎಲ್ಲಕ್ಕಿಂತ ಸುಲಭ ಪರಿಹಾರ, ಇರುವ ಫೆನ್ಸಿನ ಹಿಂದಿನ ತುದಿಗೆ ಒಂದು ಸಿ ಕ್ಲ್ಯಾಂಪ್. ಮೊದಲು ಫೆನ್ಸಿನ ತಲೆಯ ಸ್ಕ್ರೂಗಳನ್ನು ಸಡಿಲಿಸಿ, ಗಾಡಿಗೆ ಸಮಾನಾಂತರ ಮಾಡಿ, ಬಿಗಿದು, ಆಮೇಲೆ ಹಿಂದಿನ ತುದಿಯನ್ನು ಮೇಜಿಗೆ ಕಚ್ಚಿಸಿ. ಪ್ರತಿ ಸಲ ಅಳತೆ ಬದಲಿಸುವಾಗ ಕ್ಲ್ಯಾಂಪ್ ಬಿಚ್ಚಿ ಹಾಕುವ ತಾಪತ್ರಯವಿದೆ. ಆದರೆ ಒಂದೇ ಅಳತೆಯ ಇಪ್ಪತ್ತು ಪಟ್ಟಿ ಕೊಯ್ಯುವವರಿಗೆ ಅದೊಂದು ತೊಂದರೆಯೇ ಅಲ್ಲ.

ಇದರ ಮೇಲೆ ಎತ್ತರದ ಮರದ ಮುಖ ಸೇರಿಸಿದರೆ ಸಣ್ಣ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಫೆನ್ಸು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. 18 ಮಿ.ಮೀ. ಪ್ಲೈವುಡ್ಡಿನ ತುಂಡು, 100 ಮಿ.ಮೀ. ಎತ್ತರ, ಬೆನ್ನಿಗೆ ಎರಡು ಮೂರು ತ್ರಿಕೋನದ ಆಸರೆ. ಫೆನ್ಸಿನಲ್ಲಿ ತೂತಿದ್ದರೆ ಬೋಲ್ಟು ಹಾಕಿ, ಇಲ್ಲದಿದ್ದರೆ ಕೊರೆಯಿರಿ. ಒಂದು ತುದಿಯ ಬೋಲ್ಟಿನ ಬಳಿ ಫೆನ್ಸಿಗೂ ಮರಕ್ಕೂ ನಡುವೆ ವಾಷರ್ ಇಟ್ಟರೆ ಡ್ರಿಫ್ಟಿಗೆ ಬೇಕಾದ ಓರೆಯನ್ನು ಮರದ ಮುಖದಲ್ಲೇ ಕೊಡಬಹುದು, ಮೂಲ ಫೆನ್ಸು ಗಾಡಿಗೆ ಸಮಾನಾಂತರವಾಗಿಯೇ ಉಳಿಯುತ್ತದೆ. ಮಲೆನಾಡು, ಕರಾವಳಿಯವರು ಎಂಡಿಎಫ್ ಬಳಸಬೇಡಿ, ಒಂದು ಮಳೆಗಾಲಕ್ಕೆ ಅಂಚು ಉಬ್ಬಿ ಅಳತೆ ಕೆಡುತ್ತದೆ. ಐಎಸ್ 710 ಮುದ್ರೆಯ, ನೀರು ತಡೆಯುವ ಮೆರೀನ್ ಪ್ಲೈ ಚೂರು ಯಾವುದಾದರೂ ಅಡುಗೆಮನೆ ಕೆಲಸದಲ್ಲಿ ಉಳಿದಿರುತ್ತದೆ, ಅದನ್ನು ಕೇಳಿ ತನ್ನಿ. ಮುಖಕ್ಕೆ ಮೇಣದಬತ್ತಿ ಉಜ್ಜಿದರೆ ಹಲಗೆ ಸಲೀಸಾಗಿ ಜಾರುತ್ತದೆ.

ಇದರಲ್ಲೊಂದು ಸೂಕ್ಷ್ಮವಿದೆ. ದಪ್ಪ ಮರವನ್ನು ಹೋಳು ಮಾಡುವಾಗ ಮುಖ ಮೇಜಿನುದ್ದಕ್ಕೂ ಇರಬೇಕಿಲ್ಲ. ಬ್ಲೇಡನ್ನು ದಾಟಿ ಒಂದಿಂಚಿಗೆ ಮುಗಿದರೆ ಮೇಲು. ಒಳಗಿನ ಬಿಗಿತವಿರುವ ಮರವನ್ನು, ಅದರಲ್ಲೂ ಸರಿಯಾಗಿ ಒಣಗದ ಸಿಲ್ವರ್ ಓಕನ್ನು ಕೊಯ್ದಾಗ ಹೋಳುಗಳು ಹೊರಕ್ಕೆ ಬಾಗುತ್ತವೆ. ಉದ್ದನೆಯ ಫೆನ್ಸು ಆ ಬಾಗಿದ ಹೋಳನ್ನು ತಳ್ಳಿ ಇಡೀ ಹಲಗೆಯನ್ನೇ ಬ್ಲೇಡಿನ ಮೇಲೆ ತಿರುಗಿಸುತ್ತದೆ. ಇದನ್ನು ಡ್ರಿಫ್ಟು ಎಂದುಕೊಂಡು ಬ್ಲೇಡಿನ ಹಿಂದೆ ಬೀಳುವವರು ಬಹಳ. ಕೈಯ ಒತ್ತಡವೂ ಅಷ್ಟೆ: ಹಲಗೆಯನ್ನು ಫೆನ್ಸಿಗೆ ಒತ್ತುವುದು ಬ್ಲೇಡಿನ ಮುಂಚೆ ಇರುವ ಜಾಗದಲ್ಲಿ, ಬ್ಲೇಡಿನ ಪಕ್ಕದಲ್ಲಾಗಲಿ ದಾಟಿದ ಮೇಲಾಗಲಿ ಅಲ್ಲ. ಕೊನೆಯ ಕೆಲವು ಇಂಚನ್ನು ತಳ್ಳುಕೋಲಿನಿಂದ ತಳ್ಳಿ.

ಪಾಯಿಂಟ್ ಫೆನ್ಸು ಇನ್ನೊಂದು ಬಗೆ. ಮುಖದ ಬದಲು ದುಂಡನೆಯ ಮೂಗಿರುವ ಒಂದು ಲಂಬ ಕಟ್ಟಿಗೆ, ಅದರ ತುದಿ ಬ್ಲೇಡಿನ ಹಲ್ಲಿನ ನೇರಕ್ಕೆ ನಿಲ್ಲುತ್ತದೆ. ದಪ್ಪ ಎಷ್ಟೆಂಬುದನ್ನು ಅದು ಕಾಯುತ್ತದೆ, ದಿಕ್ಕು ನಿಮ್ಮ ಕೈಯಲ್ಲಿ. ಬ್ಲೇಡು ಎತ್ತ ಎಳೆದರೂ ಹಲಗೆಯ ಬಾಲವನ್ನು ಅತ್ತಿತ್ತ ತಿರುಗಿಸಿ ಗೆರೆಯಲ್ಲೇ ಹೋಗಬಹುದು. ಬಾಗಿದ ಗೆರೆಗೆ ಸಮಾನಾಂತರವಾಗಿ ಕೊಯ್ಯಲು, ಉದಾಹರಣೆಗೆ ಕುರ್ಚಿಯ ಬೆನ್ನಿನ ಪಟ್ಟಿಗಳಿಗೆ, ಇದನ್ನು ಬಿಟ್ಟರೆ ಬೇರೆ ಇಲ್ಲ. ಆದರೆ ಒಂದು ಕ್ಷಣ ಗಮನ ತಪ್ಪಿದರೂ ಮುಖ ಅಲೆಅಲೆಯಾಗುತ್ತದೆ. ಮೂರು ಮಿ.ಮೀ. ತೆಳು ಹಾಳೆಗಳನ್ನು ಸಾಲಾಗಿ ತೆಗೆಯುವವರಿಗೆ ಇದು ಸಲ್ಲದು. ಬ್ಲೇಡು ಬದಲಿಸಲು ಈ ತಿಂಗಳು ಆಗುವುದಿಲ್ಲ, ಇರುವುದರಲ್ಲೇ ಕೆಲಸ ಮುಗಿಯಬೇಕು ಎನ್ನುವವರಿಗೆ ಇದು ನಿಜವಾದ ಆಸರೆ.

ಮೂಲ ಫೆನ್ಸು ಪೂರ್ತಿ ಕೆಟ್ಟದಾಗಿದ್ದರೆ, ಅಂದರೆ ಪ್ರತಿ ಸಲ ಬೇರೆ ಬೇರೆ ಓರೆಗೆ ಬಿಗಿಯುವಂಥದ್ದಾದರೆ, ಅದನ್ನು ಕಪಾಟಿಗೆ ಹಾಕಿ. ಅಲ್ಯುಮಿನಿಯಂ ಕಿಟಕಿ ಮಾಡುವ ಅಂಗಡಿಗಳಲ್ಲಿ ಆಯತಾಕಾರದ ಪೈಪಿನ ತುಂಡುಗಳು ಸಿಗುತ್ತವೆ. 75 ಮಿ.ಮೀ. ಎತ್ತರದ ಒಂದಡಿ ತುಂಡನ್ನು ಮೇಜಿನ ಮೇಲಿಟ್ಟು ಮುಂದೊಂದು ಹಿಂದೊಂದು ಕ್ಲ್ಯಾಂಪ್ ಹಾಕಿದರೆ ಅದೇ ಫೆನ್ಸು. ಅಂಚು ನೇರವಿದೆಯೇ ಎಂದು ಕೊಳ್ಳುವಾಗ ಗಾಜಿನ ಮೇಲಿಟ್ಟು ನೋಡಿ. ಎರಡೂ ತುದಿ ಸ್ವತಂತ್ರವಾಗಿರುವುದರಿಂದ ಯಾವ ಓರೆಗೆ ಬೇಕಾದರೂ ಕಟ್ಟಬಹುದು. ಗಟ್ಟಿತನದಲ್ಲಿ ಅಂಗಡಿಯ ಫೆನ್ಸಿಗೆ ಸರಿಸಮ. ಇದಕ್ಕೆ ಅಳತೆಪಟ್ಟಿ ಇರುವುದಿಲ್ಲ, ಪ್ರತಿ ಸಲ ಸ್ಕೇಲ್ ಹಿಡಿಯಬೇಕು.

ಕೊನೆಗೆ ಅಂಗಡಿಯ ಬಿಡಿ ಫೆನ್ಸು. ಕ್ರೆಗ್‌ನಂಥ ಕಂಪನಿಗಳ ಒಳ್ಳೆಯ ಬ್ಯಾಂಡ್‌ಸಾ ಫೆನ್ಸುಗಳು 14 ಇಂಚಿನ ಯಂತ್ರದ ಮೇಜಿಗೆಂದು ಮಾಡಿದವು. ಮೇಜಿನ ಮುಂದಿನ ಅಂಚಿಗೆ ಅದರ ಕಂಬಿಯನ್ನು ಬೋಲ್ಟು ಹಾಕಿ ಕೂರಿಸಬೇಕು. 300 ಮಿ.ಮೀ. ಮೇಜಿಗೆ ಅದನ್ನು ಹೊಂದಿಸುವುದು ಕಷ್ಟ, ಹೊಂದಿಸಿದರೂ ಯಂತ್ರದ ಬೆಲೆಯ ದೊಡ್ಡ ಪಾಲನ್ನು ಅದರ ಒಂದು ಬಿಡಿಭಾಗಕ್ಕೆ ಕೊಟ್ಟಂತಾಗುತ್ತದೆ. 14 ಇಂಚಿನ ಒಳ್ಳೆಯ ಯಂತ್ರವಿದ್ದು, ಅಳತೆ ಮತ್ತೆ ಮತ್ತೆ ಬದಲಿಸುವ ಕೆಲಸವಿದ್ದರೆ ಕೊಳ್ಳಿ, ದುಡ್ಡು ದಂಡವಾಗುವುದಿಲ್ಲ. ಪುಟ್ಟ ಯಂತ್ರಕ್ಕೆ ಬೇಡ. ಆ ದುಡ್ಡಿನಲ್ಲಿ ಮೂರು ನಾಲ್ಕು ಒಳ್ಳೆಯ ಬ್ಲೇಡು ಬರುತ್ತವೆ.

ಫೆನ್ಸೇ ಬೇಡದ ಕೆಲಸ

ಹೇಗೂ ತೋಪಡ ಹೊಡೆದು ನಯ ಮಾಡುವ ತುಂಡನ್ನು ಫೆನ್ಸಿಟ್ಟು ಕೊಯ್ಯಬೇಕೆಂಬ ಹಟ ಏಕೆ? ಗೆರೆಯಿಂದ ಒಂದೂವರೆ ಮಿ.ಮೀ. ಆಚೆ ಕೈಯಲ್ಲೇ ಕೊಯ್ದು, ಉಳಿದದ್ದನ್ನು ತೋಪಡದಲ್ಲಿ ತೆಗೆದರೆ ಡ್ರಿಫ್ಟಿನ ಮಾತೇ ಬರುವುದಿಲ್ಲ. ಹಲಗೆಯನ್ನು ಬ್ಲೇಡು ಕೇಳುವ ಓರೆಯಲ್ಲಿ ಹಿಡಿಯಲು ಕೈ ತಾನೇ ಕಲಿಯುತ್ತದೆ. ಪೆಟ್ಟಿಗೆ, ಮಣೆ, ಚೌಕಟ್ಟು ಮಾಡುವ ಹವ್ಯಾಸಿಗಳ ಹೆಚ್ಚಿನ ಕೆಲಸ ಇಷ್ಟೇ. ಒಂದೇ ದಪ್ಪದ ಹಲವು ತುಂಡು ಬೇಕಾದಾಗ, ಅಥವಾ ಬೀಟೆಯಂಥ ದುಬಾರಿ ಮರದಿಂದ ತೆಳು ಹಾಳೆ ತೆಗೆಯುವಾಗ ಪ್ರತಿ ಮಿಲಿಮೀಟರಿಗೂ ಬೆಲೆಯಿದೆ. ಆಗ ಎತ್ತರದ ಫೆನ್ಸು ಬೇಕು, ಹೊಸ ಬ್ಲೇಡೂ ಬೇಕು.

ಯಂತ್ರವನ್ನು ಬಿಟ್ಟುಕೊಡಬೇಕಾದ ಸಂದರ್ಭವೂ ಇದೆ. ಹೊಸ ಬ್ಲೇಡು ಹಾಕಿ, ಟೈರು ತೊಳೆದು, ಗೈಡು ಸರಿಮಾಡಿದ ಮೇಲೂ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಬ್ಲೇಡು ಪ್ರತಿ ಸುತ್ತಿಗೂ ಹಿಂದೆ ಮುಂದೆ ಓಡಾಡುತ್ತಿದ್ದರೆ ಮೊದಲು ಬೆಸುಗೆಯನ್ನು ನೋಡಿ. ಬೆಸುಗೆ ನೇರವಿದ್ದರೆ ಚಕ್ರವೇ ದುಂಡಗಿಲ್ಲ ಅಥವಾ ಬೇರಿಂಗ್ ಸಡಿಲವಾಗಿದೆ. ಬೇರಿಂಗ್ ಬದಲಿಸಬಹುದು. ಟೈರು ಒಡೆದಿದ್ದರೆ ಯುರೆಥೇನ್ ಟೈರು ತಂದು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಹಾಕಬಹುದು. ಎರಕದ ಚಕ್ರವೇ ವಕ್ರವಾಗಿದ್ದರೆ ವಾರಂಟಿ ಇರುವಾಗಲೇ ವಾಪಸು ಕೊಡಿ, ಅದರ ಮೇಲೆ ಒಂದು ಬ್ಲೇಡಿನ ದುಡ್ಡನ್ನೂ ಹೆಚ್ಚಿಗೆ ಹಾಕಬೇಡಿ. ಹೊಸ ಯಂತ್ರ ಕೊಂಡ ದಿನವೇ ಮೇಲಿನ ಬಾಗಿಲು ತೆಗೆದು, ಬ್ಲೇಡು ಬಿಚ್ಚಿ, ಎರಡೂ ಚಕ್ರಗಳನ್ನು ಬೆರಳಲ್ಲಿ ತಿರುಗಿಸಿ, ಟೈರಿನ ಪಕ್ಕಕ್ಕೊಂದು ಪೆನ್ಸಿಲ್ ಮೊನೆ ಹಿಡಿದು ನೋಡಿ. ಮೊನೆಗೂ ಟೈರಿಗೂ ನಡುವಿನ ಸಂದಿ ಸುತ್ತಿನುದ್ದಕ್ಕೂ ಒಂದೇ ಸಮ ಇದ್ದರೆ ಆ ಯಂತ್ರ ಅಗ್ಗದ್ದಾದರೂ ನೇರ ಕೊಯ್ಯುವಂತೆ ಮಾಡಬಹುದು.